ಮೆಣಸಿನ ಕೊಯ್ಲು: ಏಣಿ ಹತ್ತುವವನ ಹೊಣೆ ಯಾರದು?

ಹೆತ್ತೂರು ಸುತ್ತಿನ ತೋಟಗಳಲ್ಲಿ ಕಾಫಿ ಕೊಯ್ಲು ಮುಗಿಯುತ್ತಲೇ ಸಿಲ್ವರ್ ಓಕ್ ಮರಗಳಿಗೆ ಏಣಿ ಒರಗುತ್ತದೆ. ಮೆಣಸು ಬಿಡಿಸುವ ಕೆಲಸವನ್ನು ಕೆ.ಜಿ. ಲೆಕ್ಕದಲ್ಲಿ ಮೇಸ್ತ್ರಿಗೆ ಗುತ್ತಿಗೆ ಕೊಟ್ಟರೆ ಹೊಣೆಯೂ ಅವನದೇ ಎಂದು ಹಲವು ಬೆಳೆಗಾರ ಬಂಧುಗಳು ತಿಳಿದಿದ್ದಾರೆ. ಇದು ಸರಿಯಲ್ಲ. ತೋಟದ ಮಾಮೂಲು ಕೆಲಸದಲ್ಲಿ ಗುತ್ತಿಗೆ ಆಳಿಗೆ ಅಪಘಾತವಾದರೆ ಮಾಲೀಕನಿಂದಲೇ ಪರಿಹಾರ ಕೇಳಬಹುದೆಂದು 1923ರ ಕಾಯಿದೆಯೇ ಹೇಳಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ತತ್ವವನ್ನು ಉಳಿಸಿಕೊಂಡಿದೆ.

ಪರಿಹಾರದ ಹಣ ಹೋದ ಜೀವವನ್ನು ತರಲಾರದು. ಅಲ್ಯೂಮಿನಿಯಂ ಏಣಿ ಹಗುರ, ಆದರೆ ಅದರಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ನಿಲ್ಲಿಸಿಕೊಂಡೇ ಸಾಗಿಸುವಾಗ ತುದಿ 11 ಕೆ.ವಿ. ತಂತಿಗೆ ತಗುಲಿದರೆ ಹಿಡಿದವರೆಲ್ಲರ ಪ್ರಾಣಕ್ಕೂ ಸಂಚಕಾರ. ಇಬ್ಬನಿಯಲ್ಲಿ ನೆನೆದ ಬಿದಿರಿನ ಏಣಿಯನ್ನೂ ನಂಬುವಂತಿಲ್ಲ.

ಆದ್ದರಿಂದ ಕೊಯ್ಲಿಗೆ ಮುನ್ನ ಮಾಲೀಕರು ಖುದ್ದಾಗಿ ಲೈನಿನ ಉದ್ದಕ್ಕೂ ನಡೆದು, ಏಣಿ ತಂತಿಗೆ ತಾಗಬಹುದಾದ ಮರಗಳಿಗೆಲ್ಲ ಸುಣ್ಣದ ಗುರುತು ಹಾಕಬೇಕು. ಚೆಸ್ಕಾಂ ಕಚೇರಿಗೆ ಬರೆದುಕೊಟ್ಟು, ಲೈನ್ ಆಫ್ ಆದದ್ದು ಖಚಿತವಾದ ಮೇಲೆಯೇ ಅವುಗಳಲ್ಲಿ ಮೆಣಸು ಬಿಡಿಸಬೇಕು. ಏಣಿಯನ್ನು ಮಲಗಿಸಿಯೇ ಒಯ್ಯಬೇಕು.

ಇನ್ನೊಂದು ಮಾತು. ಏಣಿಯ ಬುಡ ಹಿಡಿಯುವವನಿಗೆ ಕೆ.ಜಿ. ಲೆಕ್ಕದಲ್ಲಿ ಏನೂ ಗಿಟ್ಟದು. ಹಾಗಾಗಿ ಅವನೂ ಬುಡ ಬಿಟ್ಟು ಬೇರೆ ಮರ ಹತ್ತುತ್ತಾನೆ. ಅವನಿಗೆ ದಿನಗೂಲಿ ಕೊಡಿ. ಆ ಕೂಲಿಯನ್ನು ಕೊಯ್ಲಿನ ಖರ್ಚಿಗೇ ಸೇರಿಸಿಕೊಳ್ಳತಕ್ಕದ್ದು.