ವಾಕಿಟಾಕಿ ಕೊಳ್ಳುವ ಮುನ್ನ

ಕಳೆದ ವರ್ಷದ ಮರಗಸಿ ಕಾಲದ ಮಾತು. ನಮ್ಮ ತೋಟದ ಕೆಳತುದಿಯಲ್ಲಿ, ಹಳ್ಳದ ಬದಿಯ ತಾಕಿನಲ್ಲಿ, ಏಣಿ ಜಾರಿ ಕೆಲಸದವರೊಬ್ಬರ ಕಾಲು ಮುರಿಯಿತು. ಅಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಜೊತೆಗಿದ್ದ ಹುಡುಗ ಗುಡ್ಡ ಹತ್ತಿ ಮನೆಗೆ ಓಡಿಬಂದು ಸುದ್ದಿ ಮುಟ್ಟಿಸುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಜೀಪು ಇಳಿಸಿ ಅವರನ್ನು ಮೇಲೆ ತಂದು ಆಸ್ಪತ್ರೆಗೆ ಸೇರಿಸಿದ್ದಾಯಿತು, ಮೂಳೆಯೂ ಕೂಡಿಕೊಂಡಿತು. ಆದರೆ ಆ ಅರ್ಧ ಗಂಟೆ ನನ್ನ ಮನಸ್ಸಿನಿಂದ ಹೋಗಲಿಲ್ಲ. ಪೆಟ್ಟು ಕಾಲಿನ ಬದಲು ತಲೆಗೆ ಬಿದ್ದಿದ್ದರೆ? ಹಾವು ಕಚ್ಚಿದ್ದರೆ?

ಆ ವಾರವೇ ಆನ್‌ಲೈನಿನಲ್ಲಿ ಒಂದು ಜೊತೆ ವಾಕಿಟಾಕಿ ತರಿಸಿದೆ. ಪೆಟ್ಟಿಗೆಯ ಮೇಲೆ ‘10 ಕಿಲೋಮೀಟರ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಮ್ಮ ಕಣದಿಂದ ಹಳ್ಳಕ್ಕೆ ನೇರವಾಗಿ ಅಳೆದರೆ ಒಂದು ಕಿಲೋಮೀಟರ್ ಕೂಡ ಇಲ್ಲ. ಮೇಸ್ತ್ರಿ ಒಂದು ಸೆಟ್ಟು ಹಿಡಿದು ಕೆಳಗಿಳಿದರು, ನಾನು ಕಣದಲ್ಲಿ ನಿಂತೆ. ದಿಬ್ಬ ದಾಟುವವರೆಗೆ ಮಾತು ಸ್ಪಷ್ಟವಾಗಿತ್ತು. ದಾಟಿದ ಮೇಲೆ ಬರೀ ಕರಕರ ಶಬ್ದ, ಆಮೇಲೆ ಅದೂ ಇಲ್ಲ. ಕೊಂಡದ್ದು ತಪ್ಪೋ, ಬಳಸಿದ್ದು ತಪ್ಪೋ ಎಂದು ಹುಡುಕುತ್ತ ಹೋದಾಗ ಎರಡೂ ತಪ್ಪು ಎಂದು ತಿಳಿಯಿತು. ನನ್ನಂತೆಯೇ ಇಂಥ ಸೆಟ್ಟು ಕೊಳ್ಳುವ ಯೋಚನೆಯಲ್ಲಿರುವ ಬೆಳೆಗಾರ ಬಾಂಧವರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಪೆಟ್ಟಿಗೆಯ ಮೇಲಿನ ಕಿಲೋಮೀಟರು

ಕೈಯಲ್ಲಿ ಹಿಡಿಯುವ ಸೆಟ್ಟಿನ ತರಂಗಗಳು ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುತ್ತವೆ. ಇಬ್ಬರು ಮನುಷ್ಯರು ಬಾಯಿ ಎತ್ತರದಲ್ಲಿ ಸೆಟ್ಟು ಹಿಡಿದು ನಿಂತರೆ, ಭೂಮಿಯ ದುಂಡಗಿನ ಅಡ್ಡ ಬರುವವರೆಗೆ ಅವರ ನಡುವೆ ಸುಮಾರು 10 ಕಿಲೋಮೀಟರ್ ಇರಬಹುದು. ಸಮುದ್ರದ ಮೇಲೋ ಮರವಿಲ್ಲದ ಬಯಲಿನಲ್ಲೋ ಇದು ನಿಜ. ಪೆಟ್ಟಿಗೆಯ ಲೆಕ್ಕ ಹುಟ್ಟುವುದು ಇಂಥ ಕಡೆ. ನಮ್ಮಲ್ಲಿ ಗುಡ್ಡವಿದೆ, ಕಣಿವೆಯಿದೆ, ಸಿಲ್ವರ್ ಓಕ್, ಹಲಸು, ಕಾಳುಮೆಣಸು ಹಬ್ಬಿದ ಮರಗಳಿವೆ. ಹಸಿರೆಲೆ ತರಂಗವನ್ನು ಹೀರುತ್ತದೆ. ಮಳೆಯಲ್ಲಿ ನೆನೆದ ಎಲೆ ಇನ್ನಷ್ಟು ಹೀರುತ್ತದೆ. ಬೇಸಿಗೆಯಲ್ಲಿ ಒಂದು ಕಿಲೋಮೀಟರ್ ಮಾತಾಡಿದ ಸೆಟ್ಟು ಆಷಾಢದಲ್ಲಿ ಅರ್ಧ ಕಿಲೋಮೀಟರಿಗೇ ಸುಮ್ಮನಾದರೆ ಅದು ಸೆಟ್ಟಿನ ದೋಷವಲ್ಲ.

ಹಾಗಾದರೆ ಹೆಚ್ಚು ವ್ಯಾಟಿನ ಸೆಟ್ಟು ಕೊಂಡರಾಯಿತಲ್ಲ ಎಂದು ಕೇಳಬಹುದು. ಅಡ್ಡಿಯಿಲ್ಲದ ಬಯಲಿನಲ್ಲಿಯೂ ದೂರ ಎರಡರಷ್ಟಾಗಲು ಶಕ್ತಿ ನಾಲ್ಕರಷ್ಟು ಬೇಕು. ಅರ್ಧ ವ್ಯಾಟಿನಿಂದ 5 ವ್ಯಾಟಿಗೆ, ಅಂದರೆ ಹತ್ತರಷ್ಟು ಏರಿಸಿದರೂ ದೂರ ಸುಮಾರು ಮೂರರಷ್ಟು ಮಾತ್ರ. ಅದೇ, ನಡುವೆ ಗುಡ್ಡ ನಿಂತಿದ್ದರೆ ವ್ಯಾಟು ಏರಿಸಿ ಸಿಗುವ ಲಾಭ ಅತ್ಯಲ್ಪ. ಐವತ್ತು ಹೆಜ್ಜೆ ಮೇಲೆ ಹತ್ತಿ ದಿಬ್ಬದ ನೆತ್ತಿಯಲ್ಲಿ ನಿಂತರೆ ಸಿಗುವ ಲಾಭ ಯಾವ ವ್ಯಾಟಿನಿಂದಲೂ ಸಿಗದು.

ಕಾನೂನು ಏನು ಹೇಳುತ್ತದೆ

ಇದು ಬಹಳ ಮುಖ್ಯ. ನಾನು ಎಡವಿದ್ದೂ ಇಲ್ಲಿಯೇ. ನಾನು ತರಿಸಿದ ಸೆಟ್ಟನ್ನು ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸಾದ ಸ್ನೇಹಿತರೊಬ್ಬರಿಗೆ ತೋರಿಸಿದೆ. ಅವರು ತಿರುಗಿಸಿ ನೋಡಿ, “ಇದನ್ನು ಹಚ್ಚಲೇಬೇಡಿ. ಇದಕ್ಕೆ ಪರವಾನಗಿ ಬೇಕು, ನಿಮ್ಮ ಹತ್ತಿರ ಇಲ್ಲ” ಎಂದರು. ಮಾರಿದವರು ಈ ಮಾತನ್ನು ಎಲ್ಲಿಯೂ ಹೇಳಿರಲಿಲ್ಲ.

ನಮ್ಮ ದೇಶದಲ್ಲಿ ರೇಡಿಯೋ ತರಂಗ ಬಳಸಲು ಸರ್ಕಾರದ ಪರವಾನಗಿ ಬೇಕೆಂಬುದು ಮೂಲ ನಿಯಮ. ಪೊಲೀಸ್, ಅರಣ್ಯ, ವಿಮಾನಯಾನ ಮೊದಲಾದವರು ತಮಗೆ ಹಂಚಿಕೆಯಾದ ತರಂಗಗಳಲ್ಲಿ ಮಾತಾಡುತ್ತಾರೆ. ಎಲ್ಲ ಕಡೆಯೂ ತಿರುಗಿಸಬಹುದಾದ ಅಗ್ಗದ ಸೆಟ್ಟು ಹಿಡಿದು ತಿಳಿಯದೆ ಅವರ ದಾರಿಗೆ ಅಡ್ಡ ಹೋದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಮ್ಮನ್ನು ಉಳಿಸದು. ಸಾಮಾನ್ಯ ಜನರ ಅನುಕೂಲಕ್ಕಾಗಿ 446.0 ರಿಂದ 446.2 ಮೆಗಾಹರ್ಟ್ಸ್ ವರೆಗಿನ ಕಿರಿದಾದ ಪಟ್ಟಿಯೊಂದನ್ನು ಕಡಿಮೆ ಶಕ್ತಿಯ ಕೈ ಸೆಟ್ಟುಗಳಿಗಾಗಿ 2018ರಲ್ಲಿ ಪರವಾನಗಿಯಿಂದ ಬಿಡಲಾಗಿದೆ. ಈ ವರ್ಗದ ಸೆಟ್ಟುಗಳು ಸಾಮಾನ್ಯವಾಗಿ ಅರ್ಧ ವ್ಯಾಟಿನವು. ಏರಿಯಲ್ ಬಿಚ್ಚಲು ಬಾರದಂತೆ ಕೂಡಿಕೊಂಡಿರುತ್ತದೆ.

ಬಳಸುವವರಿಗೆ ಪರವಾನಗಿ ಬೇಡವಾದರೂ ಸೆಟ್ಟಿನ ಮಾದರಿಗೆ ದೂರಸಂಪರ್ಕ ಇಲಾಖೆಯ ಒಪ್ಪಿಗೆ ಇರಬೇಕು. ಇದನ್ನು ಇಟಿಎ ಪ್ರಮಾಣಪತ್ರ ಎನ್ನುತ್ತಾರೆ. ಒಪ್ಪಿಗೆಯಿಲ್ಲದ ಸೆಟ್ಟುಗಳ ಆನ್‌ಲೈನ್ ಮಾರಾಟ ಹೆಚ್ಚಿದ್ದರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಇದಕ್ಕಾಗಿಯೇ ಮಾರ್ಗಸೂಚಿ ಹೊರಡಿಸಿತು. ಆದುದರಿಂದ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಯಾವ ತರಂಗಾಂತರ? ಇಟಿಎ ಪ್ರಮಾಣಪತ್ರ ಎಲ್ಲಿ? ಎರಡಕ್ಕೂ ಕಾಗದದಲ್ಲಿ ಉತ್ತರ ಕೊಡದ ಅಂಗಡಿಯಿಂದ ಹಿಂದಿರುಗಿ ಬನ್ನಿ. ರಸೀತಿಯನ್ನು ಜೋಪಾನವಾಗಿಡಿ.

ದೊಡ್ಡ ಎಸ್ಟೇಟುಗಳು ಪರವಾನಗಿ ಪಡೆದು, ಶುಲ್ಕ ಕಟ್ಟಿ, ಹೆಚ್ಚಿನ ಶಕ್ತಿಯ ಸೆಟ್ಟು ಇಟ್ಟುಕೊಳ್ಳಬಹುದು. ಹತ್ತು ಹದಿನೈದು ಎಕರೆಯ ನಮ್ಮಂಥವರಿಗೆ ಆ ಖರ್ಚು, ಓಡಾಟ ಹೊಂದದು. ಹವ್ಯಾಸಿ ರೇಡಿಯೋ ಪರವಾನಗಿ ಬೇರೆಯೇ ವಿಷಯ. ಪರೀಕ್ಷೆ ಬರೆದು ಪಡೆಯಬಹುದು, ಮಕ್ಕಳಿಗೆ ಒಳ್ಳೆಯ ವಿದ್ಯೆಯೂ ಹೌದು. ಆದರೆ ಅದರಲ್ಲಿ ತೋಟದ ವ್ಯವಹಾರ ಮಾತಾಡುವಂತಿಲ್ಲ.

ಹೊರದೇಶದಿಂದ ಬಂದ ಸೆಟ್ಟು

ಮಕ್ಕಳು, ನೆಂಟರು ಹೊರದೇಶಗಳಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಊರಿಗೆ ಬರುವಾಗ ಉಡುಗೊರೆಯಾಗಿ ಸೆಟ್ಟು ತರುವುದುಂಟು. ಆಸ್ಟ್ರೇಲಿಯಾದಲ್ಲಿ ಕಾಡುಮೇಡು ತಿರುಗುವವರು 477 ಮೆಗಾಹರ್ಟ್ಸ್ ಆಸುಪಾಸಿನ, 80 ಚಾನಲ್ಲುಗಳ, 5 ವ್ಯಾಟಿನ ಸೆಟ್ಟನ್ನು ಧಾರಾಳವಾಗಿ ಬಳಸುತ್ತಾರೆ. ಅಲ್ಲಿ 5 ಮತ್ತು 35ನೆಯ ಚಾನಲ್ಲುಗಳನ್ನು ತುರ್ತು ಕರೆಗೆ ಮೀಸಲಿಟ್ಟಿದ್ದಾರೆ. 40ರಲ್ಲಿ ಹೆದ್ದಾರಿಯ ಲಾರಿ ಚಾಲಕರು ಮಾತಾಡುತ್ತಾರೆ. ಅಮೆರಿಕದ ಮನೆಬಳಕೆಯ ಸೆಟ್ಟುಗಳು 462 ಮತ್ತು 467 ಮೆಗಾಹರ್ಟ್ಸ್ ಆಸುಪಾಸಿನವು. ಎರಡೂ ಆಯಾ ದೇಶಕ್ಕೆ ಸರಿ, ನಮ್ಮಲ್ಲಿ ಬಿಟ್ಟಿರುವ ಪಟ್ಟಿಗೆ ಹೊರಗಿನವು. ಯುರೋಪಿನ ಸೆಟ್ಟುಗಳದ್ದು ನಮ್ಮದೇ ಪಟ್ಟಿ. ಆದರೂ ಮಾದರಿಗೆ ಇಲ್ಲಿಯ ಒಪ್ಪಿಗೆ ಇದೆಯೇ ಎಂದು ನೋಡಬೇಕು. ‘ಅಲ್ಲಿ ಎಲ್ಲರೂ ಬಳಸುತ್ತಾರೆ’ ಎಂಬುದು ಇಲ್ಲಿ ಬಳಸಲು ಅಪ್ಪಣೆಯಲ್ಲ.

ಮಳೆ, ಬ್ಯಾಟರಿ, ಗುಂಡಿ

ಕಾನೂನಿಗೆ ಹೊಂದುವ ಸೆಟ್ಟುಗಳ ಶಕ್ತಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಆರಿಸಬೇಕಾದುದು ಬೇರೆ ಗುಣಗಳನ್ನು. ಮೊದಲನೆಯದು ನೀರು ತಡೆಯುವ ಶಕ್ತಿ. ಐಪಿ 54 ಎಂದಿದ್ದರೆ ಸಿಡಿಯುವ ನೀರನ್ನು ತಡೆದೀತು. ಐಪಿ 67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು. ಮುಂಗಾರಿನಲ್ಲಿಯೂ ತೋಟ ಸುತ್ತುವ ನಮಗೆ ಎರಡನೆಯದೇ ಲೇಸು.

ಬ್ಯಾಟರಿಯ ವಿಷಯದಲ್ಲಿ ‘20 ಗಂಟೆ’ ಎಂಬ ಬರಹವನ್ನು ಹಾಗೆಯೇ ನಂಬಬೇಡಿ. ಇಂಥ ಲೆಕ್ಕವನ್ನು ಸಾಮಾನ್ಯವಾಗಿ ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಕೇಳುವುದು, ಉಳಿದ ತೊಂಬತ್ತು ಪಾಲು ಸುಮ್ಮನಿರುವುದು ಎಂದು ಹಿಡಿದು ಮಾಡಿರುತ್ತಾರೆ. ಹೆಚ್ಚು ಮಾತಾಡಿದರೆ ಬೇಗ ಇಳಿಯುತ್ತದೆ. ಬ್ಯಾಟರಿ ಬಿಚ್ಚಿ ಬದಲಿಸುವಂತಿರಲಿ, ಇನ್ನೊಂದು ಬ್ಯಾಟರಿ ಮನೆಯಲ್ಲಿರಲಿ, ಜೀಪಿನಲ್ಲಿಯೂ ಚಾರ್ಜ್ ಮಾಡಲು ಬರುವಂತಿರಲಿ. ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ಹೇಳಬೇಕಾಗಿಲ್ಲ.

ಗುಂಡಿಗಳು ದೊಡ್ಡದಾಗಿರಲಿ. ಕೆಸರು ಕೈಯಲ್ಲಿ, ಕನ್ನಡಕವಿಲ್ಲದೆ, ಗಾಬರಿಯಲ್ಲಿ ಒತ್ತಬೇಕಾದ ಗುಂಡಿ ಅದು. ಚಾನಲ್ ತಾನಾಗಿ ತಿರುಗದಂತೆ ಬೀಗ ಇರಲಿ. ಮರದ ಮೇಲಿರುವ ಕೊನೆಗಾರರಿಗೆ ಸೆಟ್ಟು ಕೊಟ್ಟು ಪ್ರಯೋಜನವಿಲ್ಲ, ಅವರ ಎರಡು ಕೈಗೂ ಕೆಲಸವಿದೆ. ಕೆಳಗೆ ಹಗ್ಗ ಹಿಡಿದವರ ಬಳಿ ಇರಬೇಕು. ‘ಪ್ರೈವಸಿ ಕೋಡ್’ ಎಂಬ ಸೌಲಭ್ಯವನ್ನು ನೋಡಿ ಮೋಸಹೋಗಬೇಡಿ. ಅದು ಬೇರೆಯವರ ಮಾತು ನಮ್ಮ ಕಿವಿಗೆ ಬೀಳದಂತೆ ತಡೆಯುತ್ತದೆಯೇ ಹೊರತು ನಮ್ಮ ಮಾತು ಬೇರೆಯವರಿಗೆ ಕೇಳದಂತೆ ಮಾಡುವುದಿಲ್ಲ. ಎಲ್ಲ ಸೆಟ್ಟುಗಳಲ್ಲಿ ಕೋಡ್ ಒಂದೇ ಇರದಿದ್ದರೆ ನಮ್ಮವರ ಮಾತೇ ನಮಗೆ ಕೇಳದು.

ಮೂರನೆಯ ಸೆಟ್ಟು

ಕಡೆಗೆ ಒಪ್ಪಿಗೆಯಿರುವ ಸಣ್ಣ ಸೆಟ್ಟುಗಳನ್ನೇ ಕೊಂಡೆ; ಎರಡಲ್ಲ, ಮೂರು. ಒಂದು ಮನೆಯಲ್ಲಿ, ಒಂದು ಮೇಸ್ತ್ರಿಯ ಕೈಯಲ್ಲಿ, ಮೂರನೆಯದು ದಿಬ್ಬದ ಮೇಲಿನ ಲೈನು ಮನೆಯಲ್ಲಿ. ಹಳ್ಳದಿಂದ ಮನೆಗೆ ನೇರ ಮಾತು ಈಗಲೂ ಹೋಗುವುದಿಲ್ಲ. ಆದರೆ ದಿಬ್ಬಕ್ಕೆ ಎರಡು ಕಡೆಯೂ ಕಾಣುತ್ತದೆ. ಅಲ್ಲಿದ್ದವರು ಕೇಳಿದ್ದನ್ನು ಕೇಳಿದಂತೆಯೇ ಆ ಕಡೆಗೆ ಹೇಳುತ್ತಾರೆ. ಹಿಂದೆ ಗುಡ್ಡದಿಂದ ಗುಡ್ಡಕ್ಕೆ ಕೂಗು ದಾಟಿಸುತ್ತಿದ್ದರಲ್ಲ, ಹಾಗೆಯೇ.

ಇದರ ಬೆಲೆ ಈ ಸಲದ ಕಾಫಿ ಕೊಯ್ಲಿನಲ್ಲಿ ತಿಳಿಯಿತು. ಆನೆ ಓಡಾಟವಿರುವ ಕಡೆ ಮೊಬೈಲ್ ಸಂದೇಶದ ಮೂಲಕ ಎಚ್ಚರಿಕೆ ಕೊಡುವ ವ್ಯವಸ್ಥೆ ಹಾಸನ, ಕೊಡಗು ಜಿಲ್ಲೆಗಳಲ್ಲಿದೆ. ಆದರೆ ಸಿಗ್ನಲ್ ಇಲ್ಲದ ತಾಕಿನಲ್ಲಿ ಹಣ್ಣು ಕೊಯ್ಯುತ್ತಿರುವವರಿಗೆ ಆ ಸಂದೇಶ ಮುಟ್ಟುವುದು ಹೇಗೆ? ಒಂದು ಬೆಳಿಗ್ಗೆ ಮನೆಯ ಫೋನಿಗೆ ಬಂದ ಸುದ್ದಿಯನ್ನು ದಿಬ್ಬಕ್ಕೆ ಹೇಳಿದೆವು, ದಿಬ್ಬದವರು ಹಳ್ಳಕ್ಕೆ ಹೇಳಿದರು. ಒಂಬತ್ತು ಮಂದಿ ಚೀಲ ಅಲ್ಲಿಯೇ ಬಿಟ್ಟು ಮೇಲೆ ಬಂದರು. ಮಧ್ಯಾಹ್ನ ಹೋಗಿ ನೋಡಿದಾಗ ಚೀಲಗಳ ಪಕ್ಕದಲ್ಲೇ ಆನೆಯ ಹೆಜ್ಜೆ ಇತ್ತು.

ಜೀಪಿನಲ್ಲಿ ಹೊರಟಾಗ

ರಜೆಯಲ್ಲಿ ಎರಡು ಮೂರು ಜೀಪು ಸೇರಿ ಘಟ್ಟದ ಕಡೆ ಹೊರಟಾಗಲೂ ಇದೇ ಸೆಟ್ಟು ಸಾಕು. ಜೀಪಿನ ಕಬ್ಬಿಣದ ಮೈ ತರಂಗವನ್ನು ತಡೆಯುವುದರಿಂದ ಕಿಟಕಿಯ ಬಳಿ ಹಿಡಿದು ಮಾತಾಡಬೇಕು. ಚಾಲಕರ ಕೈಗೆ ಕೊಡಬೇಡಿ, ಪಕ್ಕದವರು ಮಾತಾಡಲಿ. ತಿರುವುಗಳಲ್ಲಿ ಮುಂದಿನ ಜೀಪು ಕಣ್ಮರೆಯಾದರೆ ಮಾತೂ ಕಡಿಯಬಹುದು. ಮುಂದಿನವರು ಬಯಲಾದ ಕಡೆ ನಿಂತು ಕಾಯುವುದು ಒಳ್ಳೆಯದು. ಬಿಡಾರ ಹೂಡುವುದಿದ್ದರೆ ಅರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಕೂಡದು ಎಂಬುದನ್ನು ಮರೆಯಬಾರದು. ನಡೆದುಹೋಗುವವರು ಗಂಟೆಗೊಮ್ಮೆ ಮಾತಾಡುವ ಹೊತ್ತು ಮೊದಲೇ ಗೊತ್ತುಮಾಡಿಕೊಂಡರೆ ಬ್ಯಾಟರಿಯೂ ಉಳಿಯುತ್ತದೆ, ಉತ್ತರ ಬಾರದಿದ್ದರೆ ಹುಡುಕಲು ಯಾವಾಗ ಹೊರಡಬೇಕೆಂದೂ ತಿಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

1. ತರಂಗಾಂತರ 446.0–446.2 ಮೆಗಾಹರ್ಟ್ಸ್ ಒಳಗಿರಲಿ. ಇಟಿಎ ಪ್ರಮಾಣಪತ್ರ ನೋಡಿಯೇ ಹಣ ಕೊಡಿ.

2. ಸಾಧ್ಯವಾದರೆ ಪರೀಕ್ಷಿಸಿ ಹಿಂದಿರುಗಿಸುವ ಕರಾರಿನ ಮೇಲೆ ತನ್ನಿ. ತೋಟದ ಅತಿ ಕೆಟ್ಟ ಮೂಲೆಯಿಂದ ಮಾತಾಡಿ ನೋಡಿ. ಕೇಳುವ, ಕೇಳದ ಜಾಗಗಳನ್ನು ತೋಟದ ನಕ್ಷೆಯಲ್ಲಿ ಗುರುತಿಸಿ.

3. ಸೆಟ್ಟನ್ನು ಸೊಂಟದಿಂದ ತೆಗೆದು, ಏರಿಯಲ್ ನೆಟ್ಟಗೆ ಮೇಲಿರುವಂತೆ ಹಿಡಿಯಿರಿ. ಗುಂಡಿ ಒತ್ತಿ ಒಂದು ಕ್ಷಣ ತಡೆದು ಮಾತಾಡಿ. ಇಲ್ಲದಿದ್ದರೆ ಮೊದಲ ಪದ ಕಳೆದುಹೋಗುತ್ತದೆ.

4. ಕೇಳದಿದ್ದರೆ ಕೂಗಬೇಡಿ, ಎತ್ತರಕ್ಕೆ ಹೋಗಿ.

5. ಮನೆಯವರಿಗೆ, ಕೆಲಸದವರಿಗೆ ಎಲ್ಲರಿಗೂ ಬಳಸಲು ಕಲಿಸಿ. ಯಜಮಾನರೊಬ್ಬರಿಗೇ ಗೊತ್ತಿದ್ದು, ಬಿದ್ದವರು ಅವರೇ ಆದರೆ ಸೆಟ್ಟಿದ್ದೂ ಇಲ್ಲದಂತೆ.

ನಾನು ಮೊದಲು ತರಿಸಿದ ದೊಡ್ಡ ಸೆಟ್ಟುಗಳಿಗೆ ಹಾಕಿದ ಹಣ ದಂಡವಾಯಿತು. ಈ ಬರಹ ಓದಿದವರಲ್ಲಿ ಒಬ್ಬರಿಗಾದರೂ ಆ ದಂಡ ತಪ್ಪಿದರೆ, ಒಂದು ತೋಟದಲ್ಲಾದರೂ ಆ ಅರ್ಧ ಗಂಟೆ ಎರಡು ನಿಮಿಷವಾದರೆ, ಅಷ್ಟೇ ಸಮಾಧಾನ.