ಹರಳಿನ ಬೆಲೆ, ಹಿಡಿತದ ಮಜೂರಿ

ಮಸ್ಕಿಯ ಬಂಡೆಯ ಮೇಲಿದ್ದ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದ ಸಿ. ಬೀಡನ್ ಬಂಗಾರದ ಗಣಿಯ ಎಂಜಿನಿಯರ್. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಇತಿಹಾಸಕ್ಕೆ ಖಚಿತಪಡಿಸಿದ ಶಾಸನ ಬಂಗಾರದ ನಾಡಿನಲ್ಲೇ ಸಿಕ್ಕಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಹಿಂದಿನವರು ನೂರಾರು ಅಡಿ ಆಳಕ್ಕಿಳಿದು ಅದಿರು ತೆಗೆದ ಗುರುತುಗಳಿವೆ. 1947ರಲ್ಲಿ ಶುರುವಾದ ಅಲ್ಲಿನ ಕಂಪನಿ, 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ನಡೆದುಕೊಂಡು ಬಂದಿದೆ. ಇಷ್ಟೆಲ್ಲ ಇದ್ದರೂ ಮಸ್ಕಿಯ ಅಥವಾ ಸಿಂಧನೂರಿನ ಪತ್ತಾರರಿಗೆ, ಅಂದರೆ ಅಕ್ಕಸಾಲಿಗರಿಗೆ, ಗಣಿ ಹತ್ತಿರವಿದೆ ಎಂಬ ಕಾರಣಕ್ಕೆ ಒಂದು ರೂಪಾಯಿ ರಿಯಾಯಿತಿಯೂ ಇಲ್ಲ. ಒಂದು ಟನ್ ಅದಿರಿನಿಂದ ಸಿಗುವುದು ಕೆಲವೇ ಗ್ರಾಂ; ಅದು ಶುದ್ಧವಾಗಿ ಪೇಟೆ ಸೇರುವಷ್ಟರಲ್ಲಿ ಮುಂಬಯಿಗೆ ಯಾವ ದರವೋ ಮಸ್ಕಿಗೂ ಹೆಚ್ಚುಕಡಿಮೆ ಅದೇ ದರ. ಹೀಗಾಗಿ ಇಲ್ಲಿ ಹೊಸದಾಗಿ ಅಂಗಡಿ ಇಡುವ ಪತ್ತಾರರು ಬಂಗಾರ ಮಾರಿ ಗೆಲ್ಲುವುದು ಕಷ್ಟ. ಅವರ ಮುಂದಿನ ಅನ್ನ ಹರಳು ಕೂಡಿಸುವ ಕೆಲಸದಲ್ಲಿದೆ, ಅದರಲ್ಲೂ ಆ ಕೆಲಸದ ಮಜೂರಿಯನ್ನು ಮುಚ್ಚಿಡದೆ ಕೇಳುವುದರಲ್ಲಿದೆ ಎಂಬುದು ಈ ಲೇಖನದ ವಾದ.

ಇಂದಿನ ಬಂಗಾರದ ದರ ಗಿರಾಕಿಯ ಮೊಬೈಲಿನಲ್ಲೇ ಇರುತ್ತದೆ. ದೊಡ್ಡ ಷೋರೂಮು ಒಂದೇ ನಮೂನೆಯ ಉಂಗುರವನ್ನು ಅಚ್ಚಿನಲ್ಲಿ ಎರಕ ಹೊಯ್ದು ನೂರಾರು ತರಿಸುತ್ತದೆ, ಮಜೂರಿಯಲ್ಲಿ ಕಡಿತದ ಜಾಹೀರಾತನ್ನೂ ಹಾಕುತ್ತದೆ. ಅದರೆದುರು ಸಣ್ಣ ಅಂಗಡಿಯವರು ದರದಲ್ಲಿ ಪೈಪೋಟಿಗಿಳಿದರೆ ಬಂಡವಾಳವೇ ಕರಗುತ್ತದೆ. ಆದರೆ ಎರಕದ ಉಂಗುರದಲ್ಲಿ ಆರು ತಿಂಗಳಿಗೆ ಹರಳು ಅಲ್ಲಾಡತೊಡಗಿದಾಗ ಅದನ್ನು ಯಾರ ಹತ್ತಿರ ಒಯ್ಯುವುದು? ಬಿಲ್ಲು ಕೊಟ್ಟ ಊರು ದೂರ. ರಿಪೇರಿಗೆ ಬಿಟ್ಟರೆ ವಾರಗಟ್ಟಲೆ ಕಾಯಬೇಕು. ಸಂತೆಗೆ ಬಂದವರು ಮುಂದೆ ಕೂತು ಬಿಗಿ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ಹೊರಡುವುದು ಊರಿನ ಪತ್ತಾರರಿದ್ದರಷ್ಟೇ ಆದೀತು. ಇದು ಸಣ್ಣ ಕೆಲಸವೆಂದು ಅಂಗಡಿಯವರೇ ತಿಳಿದು ಪುಕ್ಕಟೆ ಮಾಡಿಕೊಡುವುದೂ ಉಂಟು. ನನಗೆ ಅದು ಔದಾರ್ಯಕ್ಕಿಂತ ಲೆಕ್ಕದ ತಪ್ಪಾಗಿ ಕಾಣುತ್ತದೆ.

ಹರಳು ಕೂಡಿಸುವುದರಲ್ಲಿ ಎಷ್ಟು ಕೆಲಸವಿದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಸುತ್ತ ಅಂಚು ಕಟ್ಟಿ ಹಿಡಿಸುವ ಬೆಜಲ್ ನಮೂನೆಯನ್ನೇ ತೆಗೆದುಕೊಳ್ಳಿ. ಹರಳಿನ ಸೊಂಟದ ಅಳತೆಗೆ ಬಂಗಾರದ ತೆಳು ಪಟ್ಟಿಯನ್ನು ಸುತ್ತಿ, ಬಿಳಿಗಾರ ಹಚ್ಚಿ ಬೆಸೆಯುತ್ತಾರೆ. ಒಳಮೈಯಲ್ಲಿ ಹರಳು ಸಮನಾಗಿ ಕೂರುವಂತೆ ಕೂದಲೆಳೆಯಷ್ಟು ಮೆಟ್ಟಿಲು ಕೊರೆಯುತ್ತಾರೆ. ಉಂಗುರವನ್ನು ಅರಗಿನಲ್ಲಿ ಊರಿ, ಹರಳಿಟ್ಟು, ಅಂಚನ್ನು ಒಳಕ್ಕೆ ಒತ್ತುವಾಗ ಒಂದು ಕಡೆಯಿಂದ ಶುರು ಮಾಡಿ ಸುತ್ತಿಬರುವಂತಿಲ್ಲ, ಹರಳು ವಾಲುತ್ತದೆ. ಮೂಡಣ ಒತ್ತಿದರೆ ಮುಂದೆ ಪಡುವಣ, ಆಮೇಲೆ ಬಡಗಣ, ತೆಂಕಣ, ಬಳಿಕ ನಡುವಿನ ಜಾಗಗಳು. ಕೊನೆಗೆ ಉಕ್ಕಿನ ಕಡ್ಡಿಯಿಂದ ತಿಕ್ಕಿ ಅಂಚನ್ನು ನುಣುಪು ಮಾಡಿ, ಸೂಜಿಮೊನೆಯಿಂದ ಹರಳನ್ನು ಮೀಟಿ ನೋಡುತ್ತಾರೆ. ವಜ್ರ ಜಗತ್ತಿನ ಅತಿ ಗಡಸು ಖನಿಜ ನಿಜ, ಆದರೆ ಅದಕ್ಕೆ ಸೀಳುವ ದಿಕ್ಕುಗಳಿವೆ; ತಪ್ಪು ಕಡೆ ಬಿದ್ದ ಒತ್ತಡಕ್ಕೆ ಅಂಚು ಚಕ್ಕೆಯೇಳುತ್ತದೆ. ಆ ನಷ್ಟದ ಭಯವೂ ಮಜೂರಿಯೊಳಗೆ ಸೇರಬೇಕು.

ಉಳಿದ ನಮೂನೆಗಳನ್ನು ಬೇಗ ಹೇಳಿಬಿಡಬಹುದು. 1886ರಲ್ಲಿ ನ್ಯೂಯಾರ್ಕಿನ ಟಿಫನಿ ಕಂಪನಿ ಆರು ಉಗುರುಗಳ ಮೇಲೆ ವಜ್ರವನ್ನು ಎತ್ತಿ ನಿಲ್ಲಿಸಿದ್ದು ಇವತ್ತಿನ ಪ್ರಾಂಗ್ ಉಂಗುರಗಳಿಗೆಲ್ಲ ಮಾದರಿಯಾಯಿತು. ಎರಡು ಗೋಡೆಗಳ ನಡುವೆ ಸಾಲಾಗಿ ಕೂಡಿಸಿದರೆ ಚಾನೆಲ್, ಸಣ್ಣ ಹರಳುಗಳನ್ನು ಒತ್ತೊತ್ತಾಗಿ ಹಾಸಿದರೆ ಪಾವೆ. ಕುಂದಣ ಬಹಳ ಹಳೆಯದು, ಭಾರತದ್ದೇ: ಅಪ್ಪಟ ಬಂಗಾರದ ಹಾಳೆಯನ್ನು ಬೆಂಕಿಯಿಲ್ಲದೆ, ಬರೀ ಒತ್ತುತ್ತ ಹರಳಿನ ಸುತ್ತ ಗಟ್ಟಿ ಮಾಡುವುದು.

ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಕೈಯನ್ನು ನೋಡಿ ಕೊಡಬೇಕಾದದ್ದು. ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳ ಅಡುಗೆಮನೆಯಲ್ಲಿ ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿಯುತ್ತಾರೆ. ಎತ್ತರದ ಪ್ರಾಂಗಿನ ಉಗುರುಗಳ ಸಂದಿಗೆ ಹಿಟ್ಟು ಹೋಗಿ ಕೂರುತ್ತದೆ, ಹತ್ತಿ ಬಿಡಿಸುವಾಗ ಎಳೆ ಸಿಕ್ಕಿಕೊಳ್ಳುತ್ತದೆ. ಹಾಗೆ ಎಳೆದೆಳೆದು ಉಗುರು ಎದ್ದರೆ ಹರಳು ಉದುರಿದ್ದು ಗೊತ್ತಾಗುವುದು ಸಂಜೆಗೆ. ಅಂತಹ ಕೈಗೆ ತಗ್ಗಾದ ಬೆಜಲ್ ವಾಸಿ. ಅಂಚು ಕಟ್ಟಿದರೆ ಬೆಳಕು ಕಡಿಮೆಯಾಗಿ ವಜ್ರ ಮಂಕಾಗುವುದಿಲ್ಲವೇ ಎಂದು ಕೇಳುವವರುಂಟು. ಸರಿಯಾಗಿ ಕೊಯ್ದ ವಜ್ರ ಮೇಲಿನಿಂದ ಬಂದ ಬೆಳಕನ್ನು ಒಳಗೇ ತಿರುಗಿಸಿ ಮೇಲಕ್ಕೇ ಕಳಿಸುತ್ತದೆ. ಅಂಚಿನ ಪಟ್ಟಿ ತೆಳುವಾಗಿದ್ದರೆ ಹೊಳಪಿಗೆ ದೊಡ್ಡ ಪೆಟ್ಟೇನೂ ಇಲ್ಲ. ನಿಜವಾಗಿ ಹೊಳಪು ಕದಿಯುವುದು ಹಿಂಬದಿಗೆ ಅಂಟುವ ಎಣ್ಣೆ, ಸಾಬೂನಿನ ಪದರ. ವಜ್ರಕ್ಕೆ ಜಿಡ್ಡು ಬೇಗ ಹಿಡಿಯುತ್ತದೆ. ಆದ್ದರಿಂದ ಬೆಜಲ್ ಕಟ್ಟುವಾಗ ಕೆಳಗೆ ಕಿಂಡಿ ಬಿಟ್ಟಿರಬೇಕು, ಮೆದು ಬ್ರಷ್ಷು ಅಲ್ಲಿಗೆ ಮುಟ್ಟುವಂತಿರಬೇಕು. ಬಂಗಾರವೂ 22 ಕ್ಯಾರೆಟ್ಟಿನದಕ್ಕಿಂತ 18ರದು ಗಡಸು, ಉಗುರು ಬೇಗ ಬಾಗದು. ಆದರೆ 22ಕ್ಕೇ ಒಗ್ಗಿದ ಮನೆಗಳಲ್ಲಿ ಈ ಮಾತು ಹೇಳಲು ತಾಳ್ಮೆ ಬೇಕು.

ವಜ್ರ ಕೊಳ್ಳುವವರು ಇಲ್ಲೆಷ್ಟು ಮಂದಿ ಎಂಬ ಆಕ್ಷೇಪಕ್ಕೆ ತೂಕವಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ವರ್ಷ ಸಿಂಧನೂರಿನ ಭತ್ತದ ದುಡ್ಡು ಬಂಗಾರದ ಅಂಗಡಿಗೆ ಹರಿಯುತ್ತದೆ, ಬರದ ವರ್ಷ ಅದೇ ಬಂಗಾರ ಅಡವಿಗೆ ಹೋಗುತ್ತದೆ. ಅಡವಿಟ್ಟರೆ ಸಾಲ ಹುಟ್ಟುವುದು ಬಂಗಾರದ ತೂಕಕ್ಕೆ, ಹರಳಿಗಲ್ಲ. ಆದರೆ ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬಂದ ಮೇಲೆ ಲೆಕ್ಕ ಬದಲಾಗುತ್ತಿದೆ. ಅದೂ ಅಪ್ಪಟ ಇಂಗಾಲವೇ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು, ಬೆಲೆ ಮಾತ್ರ ಗಣಿಯ ವಜ್ರಕ್ಕಿಂತ ಬಹಳ ಕಡಿಮೆ. ಹರಳು ಅಗ್ಗವಾದಷ್ಟೂ ಉಂಗುರದ ಬೆಲೆಯಲ್ಲಿ ಕೈಕೆಲಸದ ಪಾಲು ಏರುತ್ತದೆ. ಕೆಂಪು, ಪಚ್ಚೆ, ಜ್ಯೋತಿಷಿ ಹೇಳಿದ ಹವಳ, ಯಾವುದನ್ನು ಕೂಡಿಸಿದರೂ ಕೆಲಸ ಕೆಲಸವೇ.

ಬಂಡವಾಳದ ಮಾತಿಗೆ ಬಂದರೆ, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರದೂ ಒಂದು: ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದ ಸಾಲ. ಭೂತಗನ್ನಡಿ, ಒಳ್ಳೆಯ ಕೊರೆಯುವ ಯಂತ್ರ, ನಿಖರ ತಕ್ಕಡಿಗೆ ಅಷ್ಟು ಸಾಕು. ಗಾಜಿನ ಷೋಕೇಸಿಗೆ ಸುರಿಯುವುದು ದಂಡ. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿಗೆ ವಿನಾಯಿತಿ ಕೊಟ್ಟಿದೆ, ಕುಂದಣಕ್ಕೂ ಕೊಟ್ಟಿದೆ. ಕಾನೂನು ಬಿಟ್ಟ ಕಡೆ ಗಿರಾಕಿಗೆ ಉಳಿಯುವುದು ಪತ್ತಾರರ ಮಾತು ಮಾತ್ರ, ಅದನ್ನು ಕಾಗದದಲ್ಲಿ ಕೊಟ್ಟರೆ ಅಂಗಡಿಯ ಹೆಸರು ತಾನೇ ಹಬ್ಬುತ್ತದೆ. 5 ಕ್ಯಾರೆಟ್ ಹರಳು ಎಂದರೆ 1 ಗ್ರಾಂ. ಅದನ್ನು ಬಂಗಾರದ ತೂಕಕ್ಕೆ ಸೇರಿಸಿ ಹಣ ಎಣಿಸಿಕೊಂಡರೆ ಗಿರಾಕಿ ಒಂದಲ್ಲ ಒಂದು ದಿನ ಇನ್ನೊಂದು ತಕ್ಕಡಿಯಲ್ಲಿ ಇಟ್ಟು ನೋಡಿಯೇ ನೋಡುತ್ತಾರೆ. ಹರಳು ಕಳೆದ ನಿವ್ವಳ ತೂಕ, ಬಂಗಾರದ ಕ್ಯಾರೆಟ್, ಹರಳಿನ ಕ್ಯಾರೆಟ್, ಅದು ಗಣಿಯದೋ ಬೆಳೆಸಿದ್ದೋ, ಸವಕಳಿ ಎಷ್ಟು, ಕೂಡಿಸಿದ ಮಜೂರಿ ಎಷ್ಟು, ಎಲ್ಲವೂ ರಸೀದಿಯಲ್ಲಿ ಬೇರೆಬೇರೆ ಸಾಲಾಗಿ ಬರಲಿ. ವರ್ಷಕ್ಕೊಮ್ಮೆ ಬಿಗಿ ನೋಡಿಸಿಕೊಳ್ಳಲು ತಗಲುವ ದರವೂ ಅದರ ಕೆಳಗೇ ಇರಲಿ.