ಮೀನು ಹಿಡಿಯುವ ವಿಚಾರಣೆ

ನ್ಯಾಯಾಲಯಗಳ ತೀರ್ಪುಗಳನ್ನು ಓದುವ ಅಭ್ಯಾಸವುಳ್ಳ ವಾಚಕರಿಗೆ 'ಫಿಷಿಂಗ್ ಎಕ್ಸ್‌ಪೆಡಿಶನ್' ಎಂಬ ಇಂಗ್ಲಿಷ್ ನುಡಿಗಟ್ಟು ಅಪರಿಚಿತವಾದುದಲ್ಲ. ನಮ್ಮ ದೇಶದ ನ್ಯಾಯಾಧೀಶರು ಅದನ್ನು ಸ್ವಲ್ಪ ಮಾರ್ಪಡಿಸಿ 'ರೋವಿಂಗ್ ಅಂಡ್ ಫಿಷಿಂಗ್ ಎನ್‌ಕ್ವಾಯರಿ', ಅಂದರೆ ಅಲೆದಾಡುತ್ತ ಮೀನು ಹಿಡಿಯುವ ವಿಚಾರಣೆ, ಎಂದು ಬರೆಯುವುದುಂಟು. ಮಾತು ಕೇಳುವುದಕ್ಕೆ ವಿನೋದವಾಗಿದೆ. ಯಾರ ಮನೆಯ ಪೆಟ್ಟಿಗೆಗಳು ಅಂಥ ವಿಚಾರಣೆಯಲ್ಲಿ ಬರಿದಾಗುವವೋ ಅವರಿಗೆ ಮಾತ್ರ ಅದರಲ್ಲಿ ವಿನೋದವೇನೂ ಕಾಣಲಾರದು.

ಇಂಥವನು ಇಂಥ ತಪ್ಪನ್ನು ಮಾಡಿದನೆಂದು ಶಂಕಿಸುವುದಕ್ಕೆ ಯಾವ ಆಧಾರವೂ ಕೈಯಲ್ಲಿ ಇಲ್ಲದಿರುವಾಗ, ಹುಡುಕಿದರೆ ಏನಾದರೂ ಸಿಕ್ಕೀತೆಂಬ ಆಸೆಯಿಂದ ಪರರ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಜಾಲಾಡುವುದೇ ಈ ನುಡಿಗಟ್ಟಿನ ಅರ್ಥವು. ಬಲೆಯನ್ನು ನೀರಿಗೆ ಇಳಿಸುವ ಬೆಸ್ತನಿಗೆ ಯಾವ ಮೀನು ಬೀಳುವುದೆಂಬುದು ತಿಳಿಯದು. ಬಿದ್ದುದೇ ಅವನ ಲಾಭ.

ಇದನ್ನು ಕನ್ನಡಕ್ಕೆ ತರಹೊರಟವರು ಒಂದು ತೊಡಕನ್ನು ಎದುರಿಸಬೇಕಾಗುತ್ತದೆ. ನಮ್ಮಲ್ಲಿಯೂ ಪೊಲೀಸರು 'ಬಲೆ ಬೀಸುತ್ತಾರೆ'. ಆದರೆ ಪರಾರಿಯಾದ ಆರೋಪಿಗಾಗಿ ಬೀಸುತ್ತಾರೆ. ಕಳ್ಳನಾರೆಂಬುದು ಗೊತ್ತಿದೆ, ಅವನು ಕೈಗೆ ಸಿಕ್ಕಿಲ್ಲ, ಅಷ್ಟೆ. 'ಗಾಳ ಹಾಕುವುದು' ಎಂದರೂ ಗುರಿ ಮೊದಲೇ ನಿಶ್ಚಿತವಾಗಿರುತ್ತದೆ. ಇಂಗ್ಲಿಷಿನ ಮಾತಿನಲ್ಲಿಯಾದರೋ ಆ ಗುರಿಯೇ ಇಲ್ಲ. ಪದಶಃ ಭಾಷಾಂತರಿಸಿದವರು ಅರಿಯದೆಯೇ ತದ್ವಿರುದ್ಧವಾದ ಅರ್ಥವನ್ನು ಹೇಳಿದಂತಾಗುವುದು. 'ಬೆಟ್ಟ ಅಗೆದು ಇಲಿ ಹಿಡಿದಂತೆ' ಎಂಬ ಗಾದೆಯೂ ಇಲ್ಲಿ ಸಲ್ಲದು. ಅದು ಶ್ರಮಕ್ಕೆ ತಕ್ಕ ಫಲ ದೊರೆಯದುದನ್ನು ಹಳಿಯುತ್ತದೆ. ಕುಂಬಳಕಾಯಿ ಕಳ್ಳನೆಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಮಾತ್ರ ಸ್ವಲ್ಪ ಹತ್ತಿರ ಬರುತ್ತದೆ. ಅಲ್ಲಿ ಕೂಗಿದವನಿಗೆ ಕಳ್ಳನಾರೆಂಬುದು ತಿಳಿದಿರಲಿಲ್ಲ!

ಶೋಧವು ನಿಷ್ಫಲವಾದಾಗ ಮಾತ್ರ ಈ ನಿಂದೆಯು ಅನ್ವಯಿಸುವುದೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ದೊಡ್ಡ ಮೀನೇ ಬಲೆಗೆ ಬಿದ್ದರೂ, ಬಲೆಯನ್ನು ಬೀಸುವ ಮುಂಚೆ ಕಾರಣವಿತ್ತೆ ಎಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗಾಗಿ ಇಂಗ್ಲಂಡಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. 1763ರ ಏಪ್ರಿಲ್ ತಿಂಗಳಿನಲ್ಲಿ 'ನಾರ್ತ್ ಬ್ರಿಟನ್' ಪತ್ರಿಕೆಯ 45ನೆಯ ಸಂಚಿಕೆಯು ರಾಜನ ಭಾಷಣವನ್ನು ಖಂಡಿಸಿತು. ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸರು ಹೊರಡಿಸಿದ ವಾರಂಟಿನಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಬರೆದವರು, ಅಚ್ಚು ಮಾಡಿದವರು, ಪ್ರಕಟಿಸಿದವರು ಯಾರೇ ಆಗಲಿ, ಅವರನ್ನು ಕಾಗದಪತ್ರಗಳ ಸಮೇತ ಹಿಡಿದು ತರಬೇಕೆಂಬುದೇ ಅಪ್ಪಣೆಯಾಗಿತ್ತು. 49 ಜನರು ಬಂಧಿತರಾದರು. ಪಾರ್ಲಿಮೆಂಟಿನ ಸದಸ್ಯರಾದ ಜಾನ್ ವಿಲ್ಕ್ಸರ ಮನೆಯ ಕಾಗದಗಳೂ ಹೋದವು. ವಿಲ್ಕ್ಸರು ಸುಮ್ಮನಿರದೆ ದಾವೆ ಹೂಡಿ 1,000 ಪೌಂಡುಗಳ ಪರಿಹಾರವನ್ನು ಪಡೆದರು. 1765ರಲ್ಲಿ ಎಂಟಿಕ್ಕರ ಮೊಕದ್ದಮೆಯಲ್ಲಿ ಲಾರ್ಡ್ ಕ್ಯಾಮ್ಡೆನ್ನರು, ರಾಜ್ಯದ ಅಗತ್ಯವೆಂಬ ಒಂದೇ ನೆವದಿಂದ ಪ್ರಜೆಯ ಕಾಗದಗಳನ್ನು ಕೆದಕುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲವೆಂದು ನಿರ್ಣಯಿಸಿದರು. ಅಮೆರಿಕದಲ್ಲಿ 1924ರಲ್ಲಿ ನ್ಯಾಯಾಧೀಶ ಹೋಮ್ಸರು ತಂಬಾಕಿನ ಕಂಪನಿಯೊಂದರ ಪತ್ರಗಳ ವಿಷಯದಲ್ಲಿ ಇದೇ ಮೀನಿನ ಮಾತನ್ನು ಬಳಸಿ ಸರಕಾರದ ಆಯೋಗವನ್ನು ತಡೆದರು.

ನಮ್ಮಲ್ಲಿ ವ್ಯವಸ್ಥೆಯು ಹೇಗಿದೆ? ವಾರಂಟಿಲ್ಲದೆ ಝಡತಿ ಮಾಡುವ ಪೊಲೀಸ್ ಅಧಿಕಾರಿಯು ತನ್ನ ನಂಬಿಕೆಯ ಆಧಾರವನ್ನೂ, ಹುಡುಕುವ ವಸ್ತು ಯಾವುದೆಂಬುದನ್ನು ಸಾಧ್ಯವಾದಷ್ಟು ಮಟ್ಟಿಗೂ, ಮುಂಚೆಯೇ ಬರೆದಿಡಬೇಕು. ದಂಡಪ್ರಕ್ರಿಯಾ ಸಂಹಿತೆಯ 165ನೆಯ ಕಲಮಿನಲ್ಲಿದ್ದ ಈ ನಿಯಮವು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 185ನೆಯ ಕಲಮಾಗಿ ಉಳಿದಿದೆ. ಬರೆಯುವ ಈ ಒಂದು ಸಾಲಿನಲ್ಲಿಯೇ ವಿಚಾರಣೆಗೂ ಮೀನು ಹಿಡಿಯುವಿಕೆಗೂ ಇರುವ ಅಂತರವೆಲ್ಲವೂ ಅಡಗಿದೆ. ಶೋಧ ಮುಗಿದ ಮೇಲೆ ಬರೆದರೆ ಅದಕ್ಕೆ ಬೆಲೆಯಿಲ್ಲ. ಆದರೂ ನ್ಯಾಯಾಲಯವು ಸಾಮಾನ್ಯ ಶೋಧದ ವಾರಂಟನ್ನು ಹೊರಡಿಸುವ ಅವಕಾಶವು 1898ರ ಸಂಹಿತೆಯಿಂದ ಇಂದಿನವರೆಗೂ ಹಾಗೆಯೇ ಬಂದಿದೆಯೆಂಬುದನ್ನು ಮುಚ್ಚಿಡಬಾರದು.

ಮುದ್ರಾಂಕದ ಕಾನೂನಿಗೆ ಆಂಧ್ರಪ್ರದೇಶವು ಮಾಡಿದ್ದ ತಿದ್ದುಪಡಿಯ ಕಥೆಯನ್ನು ಅಧಿಕಾರಿಗಳು ವಿಶೇಷವಾಗಿ ಗಮನಿಸಬೇಕು. ಕಲೆಕ್ಟರರ ಅಧಿಕಾರಪತ್ರವನ್ನು ಪಡೆದ ಯಾರೇ ಆಗಲಿ ಬ್ಯಾಂಕಿಗೆ ಹೊಕ್ಕು ಗಿರಾಕಿಗಳ ದಸ್ತಾವೇಜುಗಳನ್ನು ಪರೀಕ್ಷಿಸಿ ಒಯ್ಯಲು ಅದು ಎಡೆಗೊಟ್ಟಿತ್ತು. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು ಈ ವ್ಯಾಜ್ಯದಲ್ಲಿ ಎದುರು ನಿಂತಿತು. ನಂಬಿಕೆಯಿಂದ ಬ್ಯಾಂಕಿಗೆ ಒಪ್ಪಿಸಿದ ಕಾಗದಗಳ ಮೇಲೆ ಗಿರಾಕಿಯ ಗೋಪ್ಯತೆಯ ಹಕ್ಕು ಅಳಿಯುವುದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿ ತಿದ್ದುಪಡಿಯನ್ನು ರದ್ದುಪಡಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ಸಾರಿದುದು 2017ರಲ್ಲಿ.

ಇಷ್ಟಾದರೂ, ಈ ನುಡಿಗಟ್ಟನ್ನು ಕೇಳಿದ ಕೂಡಲೆ ತಲೆದೂಗಬೇಕಾಗಿಲ್ಲ. ಬಚ್ಚಿಡುವವರಿಗೂ ಅದು ಒಳ್ಳೆಯ ಗುರಾಣಿಯು. 1943ರಲ್ಲಿ ಅಮೆರಿಕದ ಡೆಲವೇರ್ ನದಿಯಲ್ಲಿ ಹಡಗನ್ನೆಳೆಯುವ ದೋಣಿಯೊಂದು ಮುಳುಗಿ ಒಂಬತ್ತು ಜನ ನಾವಿಕರಲ್ಲಿ ಐವರು ಮಡಿದರು. ಆ ವ್ಯಾಜ್ಯವನ್ನು 1947ರಲ್ಲಿ ತೀರ್ಮಾನಿಸುವಾಗ ಅಲ್ಲಿಯ ಸುಪ್ರೀಂ ಕೋರ್ಟು, ವಕೀಲನು ಸಿದ್ಧಪಡಿಸಿದ ಟಿಪ್ಪಣಿಗಳಿಗೆ ರಕ್ಷಣೆಯನ್ನು ಕೊಟ್ಟರೂ, ಸಂಗತಿಗಳನ್ನು ಎದುರಾಳಿ ಕೇಳಿದಾಗ 'ಮೀನು ಹಿಡಿಯಲು ಬಂದರು' ಎಂಬ ಹಳೆಯ ಕೂಗು ಇನ್ನು ನಡೆಯದೆಂದು ಸ್ಪಷ್ಟಪಡಿಸಿತು.

ನಮ್ಮ ಕಚೇರಿಗಳಲ್ಲಿ ಈ ಕೂಗು ಇನ್ನೂ ನಿಂತಿಲ್ಲ. ಮಾಹಿತಿಯ ಹಕ್ಕಿನ ಕಾನೂನಿನ ಮೇರೆಗೆ ಅರ್ಜಿ ಹಾಕಿದ ನಾಗರಿಕನಿಗೆ, ನಿಮ್ಮದು 'ರೋವಿಂಗ್ ಅಂಡ್ ಫಿಷಿಂಗ್' ಸ್ವರೂಪದ್ದಾದುದರಿಂದ ನಿರಾಕರಿಸಲಾಗಿದೆ ಎಂಬ ಉತ್ತರವು ಬರುವುದುಂಟು. ಪ್ರಜೆಯ ಪೆಟ್ಟಿಗೆಯನ್ನು ಸರಕಾರದಿಂದ ಕಾಪಾಡಲು ನೆರವಾದ ಮಾತು ಸರಕಾರದ ಕಪಾಟಿಗೆ ಬೀಗವಾಗಿರುವುದು ವಿಪರ್ಯಾಸವಲ್ಲವೆ? 2005ರ ಆ ಕಾನೂನಿನ 6ನೆಯ ಕಲಮಿನ 2ನೆಯ ಉಪಕಲಮು, ಮಾಹಿತಿಯು ಏತಕ್ಕೆ ಬೇಕೆಂದು ಅರ್ಜಿದಾರನನ್ನು ಕೇಳಕೂಡದೆಂದು ವಿಧಿಸಿದೆ. ನಿರಾಕರಿಸಬಹುದಾದ ಕಾರಣಗಳು 8 ಮತ್ತು 9ನೆಯ ಕಲಮುಗಳಲ್ಲಿ ಇವೆ. ಅವುಗಳಲ್ಲಿ ಮೀನಿನ ಪ್ರಸ್ತಾಪವಿಲ್ಲ.